ಹೇಳದ ಕಥೆಯ ಸೇಡು

ಆಷಾಢದ ಮಳೆಯು ಖಾನಾಪುರದ ಹಂಚಿನ ಮಾಡುಗಳ ಮೇಲೆ ಒಂದೇ ಶ್ರುತಿಯಲ್ಲಿ ಹಗಲಿರುಳೂ ಸುರಿಯುತ್ತಿರುವಾಗ, ಮಲಪ್ರಭೆಯು ಕೆಂಪು ನೀರನ್ನು ತುಂಬಿಕೊಂಡು ಊರಿನ ಅಂಚಿನಲ್ಲಿ ಭೋರ್ಗರೆಯುತ್ತಿರುವಾಗ, ಜನರು ಒಲೆಯ ಸಮೀಪಕ್ಕೆ, ಚಹದ ಕಪ್ಪಿನ ಸಮೀಪಕ್ಕೆ, ಒಬ್ಬರು ಇನ್ನೊಬ್ಬರ ಮಾತಿನ ಸಮೀಪಕ್ಕೆ ಸರಿದು ಕುಳಿತುಕೊಳ್ಳುವುದು ಆ ನಾಡಿನ ಹಳೆಯ ರೂಢಿ. ಅಂತಹ ಒಂದು ಶನಿವಾರದ ಸಂಜೆ ಬೆಳಗಾವಿಯಿಂದ ನಾವು ನಾಲ್ವರು ಸ್ನೇಹಿತರು, ಸುಮಾರು 26 ಕಿಲೋಮೀಟರುಗಳ ದಾರಿಯನ್ನು ಎರಡು ತಾಸು ತೆವಳಿಕೊಂಡು ದಾಟಿ, ಖಾನಾಪುರದ ಗೆಳೆಯರೊಬ್ಬರ ಮನೆಯನ್ನು ಸೇರಿದೆವು. ತಿಂಗಳಿಗೊಮ್ಮೆ ಒಂದು ಪುಸ್ತಕವನ್ನು ಎಲ್ಲರೂ ಓದಿಕೊಂಡು ಬಂದು, ಏನನ್ನಾದರೂ ಕುಡಿಯುತ್ತ ಅದರ ವಿಷಯವಾಗಿ ಮಾತನಾಡುವುದು ಹಲವು ವರ್ಷಗಳಿಂದ ನಾವು ನಡೆಸಿಕೊಂಡು ಬಂದಿರುವ ಪದ್ಧತಿ. ಆ ಊರಿನ ಕುಂಬಾರರು ಮಾಡಿದ ಮಣ್ಣಿನ ಬಟ್ಟಲುಗಳಲ್ಲಿ ನಮಗೆ ಶುಂಠಿ ಹಾಕಿದ ಚಹ ಬಂದಿತು. ಮನೆಯ ಹುಡುಗಿಗೆ ಕೋಕಂ ಶರಬತ್ತು. ನಮ್ಮಲ್ಲಿ ಹಿರಿಯರಾದ ಇಬ್ಬರಿಗೆ ಗೋವೆಯ ಗೇರುಹಣ್ಣಿನ ಫೇಣಿ. ಬಿಸಿ ಚಹ ಬಿದ್ದೊಡನೆ ಆ ಬಟ್ಟಲು ಮೊದಲ ಮಳೆಗೆ ನೆನೆದ ನೆಲದ ವಾಸನೆಯನ್ನು ಒಂದು ಕ್ಷಣ ಹೊರಸೂಸುವುದುಂಟು; ಬಾಯಿಗೆ ಇಡುವ ಮೊದಲು ಎಲ್ಲರೂ ಅದನ್ನು ಮೂಸಿಯೇ ಮೂಸುತ್ತಾರೆ.

ಈ ಬಾರಿ ಪುಸ್ತಕವನ್ನು ಆರಿಸಿದವಳು ಆ ಮನೆಯ ಮಗಳು. ಬೆಳಗಾವಿಯ ಕಾಲೇಜಿನಲ್ಲಿ ಓದುತ್ತಿರುವ ಆಕೆ ನಮ್ಮ ಗೋಷ್ಠಿಗೆ ಸೇರಿ ಒಂದು ವರ್ಷವಾಗಿರಬಹುದು. ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ ಬರೆದು 2005ರಲ್ಲಿ ಪ್ರಕಟಗೊಳಿಸಿದ 'ಟ್ವೈಲೈಟ್' ಎಂಬ ಕಾದಂಬರಿ ಅದು: ಬೆಲ್ಲಾ ಎಂಬ ಹದಿನೇಳರ ಹುಡುಗಿ, ನೋಡಲು ಹದಿನೇಳರವನಂತಿದ್ದು ನಿಜವಾಗಿ ನೂರು ವರ್ಷಗಳನ್ನು ದಾಟಿರುವ ಎಡ್ವರ್ಡ್ ಎಂಬ ರಕ್ತಪಿಶಾಚಿಯನ್ನು ಪ್ರೀತಿಸುವ ಕಥೆ. ಲೇಖಕಿಗೆ ಇದರ ಬೀಜವು ಒಂದು ಕನಸಿನಲ್ಲಿ ದೊರೆಯಿತಂತೆ. ನಾಲ್ಕು ಸಂಪುಟಗಳಾಗಿ ಬೆಳೆದ ಆ ಕಥಾಮಾಲೆಯ ಪ್ರತಿಗಳು ಜಗತ್ತಿನಾದ್ಯಂತ ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಗಿವೆ. ನಮ್ಮಲ್ಲೊಬ್ಬರು, ನಿವೃತ್ತ ಶಿಕ್ಷಕರು, ಪುಸ್ತಕವನ್ನು ಪೂರ್ತಿಯಾಗಿ, ಪೆನ್ಸಿಲಿನ ಗುರುತುಗಳೊಂದಿಗೆ ಓದಿಕೊಂಡು ಬಂದಿದ್ದರೂ, ಮೊದಲ ಮಾತಿಗೇ ತಮ್ಮ ಅಸಮಾಧಾನವನ್ನು ತೋಡಿಕೊಂಡರು. "ಅಲ್ಲವಾ, ರಕ್ತಾ ಕುಡಿಯೂ ದೆವ್ವದ ಕೂಡ ಲಗ್ನಾ ಆಗೂ ಕಥಿ, ಇದು ನಮ್ಮ ಮಣ್ಣಿಂದು ಹೆಂಗಾಗತದ?" ಹುಡುಗಿ ಬಟ್ಟಲನ್ನು ಕೆಳಗಿಟ್ಟು ಸಮಾಧಾನವಾಗಿಯೇ ಹೇಳಿದಳು: "ಕಾಕಾ, ಅಂವಾ ಮನಷ್ಯಾರ ರಕ್ತಾ ಕುಡಿಯೂದಿಲ್ರೀ. ಕುಡೀಬೇಕು ಅಂತ ಜೀವಾ ಹಾತೊರದ್ರೂ ತಡಕೋತಾನ. ಅದ ಕಥಿ."

ಆ ಹುಡುಗಿಯ ಉತ್ತರದಲ್ಲಿ ಒಂದು ಇಡೀ ಸಾಹಿತ್ಯಪ್ರಕಾರದ ಇನ್ನೂರು ವರ್ಷಗಳ ಚರಿತ್ರೆ ಅಡಗಿದೆಯೆಂದು ನನಗೆ ಅನ್ನಿಸಿತು. ಮತ್ತು ಆ ಚರಿತ್ರೆಯು ಆರಂಭವಾದುದು ಕೂಡ ಇಂತಹುದೇ ಮಳೆಯಲ್ಲಿ, ಇಂತಹುದೇ ಗೆಳೆಯರ ಕೂಟದಲ್ಲಿ. 1815ರ ಏಪ್ರಿಲಿನಲ್ಲಿ ಇಂದಿನ ಇಂಡೋನೇಷ್ಯದ ಸುಂಬಾವಾ ದ್ವೀಪದ ತಂಬೋರಾ ಎಂಬ ಜ್ವಾಲಾಮುಖಿಯು ಸಿಡಿದು, ಅದರ ಧೂಳು ಆಕಾಶದ ಎತ್ತರದಲ್ಲಿ ಹರಡಿ ಸೂರ್ಯನ ತಾಪವನ್ನು ತಡೆದ ಕಾರಣ, ಮರುವರ್ಷ ಐರೋಪ್ಯ ದೇಶಗಳಿಗೆ ಬೇಸಗೆಯೇ ಬರಲಿಲ್ಲ. 1816ರ ಜೂನ್ ತಿಂಗಳಲ್ಲಿ ಜಿನೀವಾ ಸರೋವರದ ತೀರದ ವಿಲ್ಲಾ ದಿಯೊದಾತಿ ಎಂಬ ಮನೆಯಲ್ಲಿ ಕವಿ ಬೈರನ್, ಕವಿ ಶೆಲ್ಲಿ, ಮುಂದೆ ಶೆಲ್ಲಿಯ ಪತ್ನಿಯಾದ ಹದಿನೆಂಟರ ತರುಣಿ ಮೇರಿ, ಆಕೆಯ ಮಲಸಹೋದರಿ, ಬೈರನ್ನನ ಖಾಸಗಿ ವೈದ್ಯ ಪಾಲಿಡೊರಿ, ಇಷ್ಟು ಜನರು ಎಡೆಬಿಡದ ಮಳೆಗೆ ಸಿಕ್ಕು, ದೆವ್ವದ ಕಥೆಗಳ ಒಂದು ಸಂಕಲನವನ್ನು ಗಟ್ಟಿಯಾಗಿ ಓದಿಕೊಳ್ಳುತ್ತ ಕುಳಿತಿದ್ದರು. ಪ್ರತಿಯೊಬ್ಬರೂ ಒಂದೊಂದು ಭೂತಕಥೆಯನ್ನು ಕಟ್ಟಬೇಕೆಂದು ಬೈರನ್ ಸೂಚಿಸಿದನು. ಮೇರಿ ಆಗ ಕಲ್ಪಿಸಿದುದು 1818ರಲ್ಲಿ 'ಫ್ರಾಂಕೆನ್‌ಸ್ಟೈನ್' ಆಗಿ ಹೊರಬಂದಿತು. ಬೈರನ್ ಆರಂಭಿಸಿ ಕೈಬಿಟ್ಟ ಒಂದು ತುಣುಕನ್ನು ಎತ್ತಿಕೊಂಡು ಪಾಲಿಡೊರಿ ಬರೆದ ಕಥೆಯು 1819ರಲ್ಲಿ 'ದಿ ವ್ಯಾಂಪೈರ್' ಎಂಬ ಹೆಸರಿನಿಂದ, ತಪ್ಪಾಗಿ ಬೈರನ್ನನದೇ ಕೃತಿಯೆಂಬ ಹಣೆಪಟ್ಟಿಯೊಂದಿಗೆ, ಅಚ್ಚಾಯಿತು. ಆ ತರುಣ ವೈದ್ಯನಾದರೋ ಎರಡೇ ವರ್ಷಗಳಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ತೀರಿಕೊಂಡನು. ಅದಕ್ಕೆ ಮುಂಚೆ ಪೂರ್ವ ಯುರೋಪಿನ ರೈತರ ನಂಬಿಕೆಯಲ್ಲಿ ರಕ್ತಪಿಶಾಚಿಯೆಂದರೆ ಗೋರಿಯಿಂದೆದ್ದು ಬಂದು ಬಂಧುಗಳನ್ನೇ ಪೀಡಿಸುವ, ಊದಿಕೊಂಡ ಒಂದು ಹೆಣವಾಗಿತ್ತೇ ಹೊರತು ಮತ್ತೇನೂ ಅಲ್ಲ. ಅದಕ್ಕೆ ರೇಶಿಮೆಯ ಉಡುಪನ್ನು, ಕುಲೀನ ನಡವಳಿಕೆಯನ್ನು, ಹೆಂಗಸರ ಕಣ್ಣನ್ನು ಸೆಳೆಯುವ ವಿಷಣ್ಣ ಸೌಂದರ್ಯವನ್ನು ಕೊಟ್ಟವನು ಪಾಲಿಡೊರಿ.

ಆಮೇಲೆ ಬಂದವರ ಹೆಸರುಗಳು ಅನೇಕ. ಐರ್ಲೆಂಡಿನ ಶೆರಿಡನ್ ಲೆ ಫಾನು 1872ರಲ್ಲಿ 'ಕಾರ್ಮಿಲ್ಲಾ' ಎಂಬ ಸ್ತ್ರೀಪಿಶಾಚಿಯ ಕಥೆಯನ್ನು ಬರೆದನು. ಅದೇ ದೇಶದ ಬ್ರಾಮ್ ಸ್ಟೋಕರ್ 1897ರಲ್ಲಿ 'ಡ್ರಾಕುಲಾ' ಕಾದಂಬರಿಯನ್ನು ಪ್ರಕಟಿಸಿ, ರಕ್ತಪಿಶಾಚಿಗೆ ಇಂದು ಎಲ್ಲರೂ ಬಲ್ಲ ನಿಯಮಗಳಲ್ಲಿ ಬಹುಪಾಲನ್ನು ವಿಧಿಸಿದನು. ಅವುಗಳಲ್ಲಿ ನನಗೆ ಅತ್ಯಂತ ಗಂಭೀರವಾಗಿ ತೋರುವುದು ಹೊಸ್ತಿಲಿನ ನಿಯಮ. ಮನೆಯವರಲ್ಲಿ ಯಾರಾದರೊಬ್ಬರು ಮೊದಲ ಸಲ ಒಳಗೆ ಬಾ ಎಂದು ಕರೆಯದ ಹೊರತು ಆ ಪಿಶಾಚಿಯು ಹೊಸ್ತಿಲನ್ನು ದಾಟಲಾರದು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುದನ್ನು ಕಂಡವರಿಗೆ ಈ ನಿಯಮವು ಪರಕೀಯವೆನಿಸಲಾರದು. ರಾತ್ರಿಯಲ್ಲಿ ಪರಿಚಿತ ಧ್ವನಿಯಿಂದ ಕರೆಯುವ ದೆವ್ವಕ್ಕೆ ಓಗೊಡಬಾರದೆಂಬ ಎಚ್ಚರಿಕೆಯೂ, ತಾನಾಗಿ ಬಾಗಿಲನ್ನು ಮುರಿದು ಬರಲಾರದ ಆ ದೆವ್ವವನ್ನು ಒಂದು ಮಾತಿನಿಂದಲೇ ಮರುದಿನಕ್ಕೆ ಸಾಗಹಾಕಬಹುದೆಂಬ ಧೈರ್ಯವೂ ಅದರಲ್ಲಿವೆ. ಕೆಡುಕಿಗೆ ನಮ್ಮ ಸಮ್ಮತಿಯಿಲ್ಲದೆ ಪ್ರವೇಶವಿಲ್ಲವೆಂಬ ಭಾವನೆಯನ್ನು ಸಮುದ್ರಗಳಾಚೆಯ ಎರಡು ಜನಾಂಗಗಳು ಬೇರೆಬೇರೆಯಾಗಿ ತಲುಪಿದುದು ಸಾಮಾನ್ಯವಾದ ಸಂಗತಿಯಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪಿಶಾಚಿಯ ಹೃದಯವೇ ಬದಲಾಯಿತು. 1976ರಲ್ಲಿ ಆನ್ ರೈಸ್ ಎಂಬ ಅಮೆರಿಕದ ಲೇಖಕಿ ಒಬ್ಬ ರಕ್ತಪಿಶಾಚಿಯ ಬಾಯಿಂದಲೇ ಅವನ ಪಶ್ಚಾತ್ತಾಪದ ಕಥೆಯನ್ನು ಹೇಳಿಸಿದಳು. ಅಲ್ಲಿಂದ ಮುಂದೆ ಓದುಗರ ಭಯವು ಅನುಕಂಪವಾಗಿ, ಅನುಕಂಪವು ಅನುರಾಗವಾಗಿ ತಿರುಗಿ, 'ಟ್ವೈಲೈಟ್' ಬರುವ ವೇಳೆಗೆ ಪಿಶಾಚಿಯು ಮೃಗಗಳ ರಕ್ತದಿಂದಷ್ಟೇ ಜೀವ ಹಿಡಿದುಕೊಂಡಿರುವ ವ್ರತಸ್ಥನಾಗಿದ್ದಾನೆ. ಹುಡುಗಿ 'ಅದ ಕಥಿ' ಎಂದುದು ಇದನ್ನೇ. ಹಸಿವೆಯೂ ಪ್ರೀತಿಯೂ ಒಂದೇ ವ್ಯಕ್ತಿಯ ಕಡೆಗೆ ಹರಿಯುತ್ತಿರುವಾಗ, ಹಸಿವೆಯನ್ನು ಜಯಿಸುವುದೇ ಪ್ರೀತಿಯ ಪ್ರಮಾಣವೆಂಬುದು ಆ ಕಾದಂಬರಿಯ ಸಾರ. ಇದನ್ನು ಕೇಳಿ ಶಿಕ್ಷಕರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, ಆಕೆ ಹೇಳಿದುದು ಸರಿಯಿರಬಹುದು, ಆದರೂ ಕನ್ನಡದಲ್ಲಿ ಇಂತಹ ಪ್ರಣಯಕ್ಕೆ ನೆಲೆಯಿಲ್ಲ ಎಂದು ತಮ್ಮ ಮಾತಿಗೇ ಮರಳಿದರು.

ನೆಲೆಯುಂಟು, ಮತ್ತು ಆ ನೆಲೆಯು ನಾವು ಕುಳಿತಿದ್ದ ಸ್ಥಳಕ್ಕೆ ಒಂದು ತಾಸಿನ ದಾರಿಯಲ್ಲಿದೆ. ಬೆಳಗಾವಿಯ ಲಿಂಗರಾಜ ಕಾಲೇಜು 1933ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯಿಂದ ಸ್ಥಾಪಿತವಾದುದು. 1950ರ ದಶಕದಲ್ಲಿ, ಮೈಸೂರಿನಲ್ಲಿ ಹುಟ್ಟಿ ಬೆಳೆದ ಎ. ಕೆ. ರಾಮಾನುಜನ್ ಎಂಬ ತರುಣ ಅಧ್ಯಾಪಕರು ಅಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಕಲಿಸುತ್ತಿದ್ದರು. ತರಗತಿಯಲ್ಲಿ ಷೇಕ್ಸ್‌ಪಿಯರನನ್ನು ಬೋಧಿಸಿ ಹೊರಬಂದ ಅವರು, ವಿದ್ಯಾವಂತರು ಆಗ ಅಷ್ಟಾಗಿ ಲಕ್ಷ್ಯಗೊಡದಿದ್ದ ಒಂದು ಸಂಪತ್ತಿನ ಕಡೆಗೆ ಕಿವಿಗೊಟ್ಟರು. ಅಡುಗೆಮನೆಯಲ್ಲಿ ಅಜ್ಜಿಯರು ಮಕ್ಕಳಿಗೆ ಕೈತುತ್ತು ಹಾಕುತ್ತ ಹೇಳುವ ಕಥೆ, ಗಾದೆ, ಒಗಟು, ಇವೇ ಆ ಸಂಪತ್ತು. ಮನೆಯ ಹೆಂಗಸರ ಬಾಯಿಂದ ಕೇಳಿದುದನ್ನು ಅವರು ಬರೆದಿಟ್ಟುಕೊಂಡರು. 1959ರಲ್ಲಿ ಅಮೆರಿಕಕ್ಕೆ ತೆರಳಿ, ಮುಂದೆ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನೆಲೆನಿಂತು, ವಚನಗಳನ್ನೂ ಸಂಗಂ ಕಾವ್ಯವನ್ನೂ ಇಂಗ್ಲಿಷಿಗೆ ತಂದು ಜಗದ್ವಿಖ್ಯಾತರಾದ ಮೇಲೂ, ಆ ಟಿಪ್ಪಣಿಗಳನ್ನು ಅವರು ಬಿಡಲಿಲ್ಲ. ಅವರ ಕೀರ್ತಿಯನ್ನು ಹೇಳುವವರು ಅನುವಾದಗಳನ್ನು ಮೊದಲು ಎಣಿಸುವುದು ರೂಢಿ. ನಾನಾದರೆ ಬೆಳಗಾವಿಯ ಆ ವರ್ಷಗಳನ್ನು ಮೊದಲು ಎಣಿಸುತ್ತೇನೆ.

ರಾಮಾನುಜನ್ ತಮ್ಮ ಜಾನಪದ ಕಥಾಸಂಕಲನದಲ್ಲಿ ಕೊಟ್ಟಿರುವ ಕನ್ನಡ ಕಥೆಯೊಂದು ಹೀಗಿದೆ. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದವು. ಆಕೆ ಅವನ್ನು ಯಾರಿಗೂ ಹೇಳಲಿಲ್ಲ, ಯಾರೆದುರಿಗೂ ಹಾಡಲಿಲ್ಲ. ಒಳಗೇ ಸೆರೆಯಾಗಿ ಉಸಿರುಕಟ್ಟಿದ ಅವು ಒಂದು ದಿನ, ಆಕೆ ಬಾಯಿ ತೆರೆದು ನಿದ್ರಿಸುತ್ತಿರುವಾಗ, ಹೊರಬಿದ್ದವು. ಕಥೆಯು ಒಂದು ಜೊತೆ ಗಂಡಸಿನ ಚಪ್ಪಲಿಯಾಗಿ ಬಾಗಿಲ ಬಳಿ ಕುಳಿತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ತೂಗಿತು. ಮನೆಗೆ ಬಂದ ಗಂಡನು ಅವನ್ನು ಕಂಡು, ಯಾರು ಬಂದಿದ್ದಾರೆ ಎಂದು ಕೇಳಿದನು. ಯಾರೂ ಇಲ್ಲ ಎಂಬ ಉತ್ತರವನ್ನು ನಂಬದೆ ಜಗಳ ತೆಗೆದು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಹನುಮಂತನ ಗುಡಿಗೆ ಹೋಗಿ ಮಲಗಿದನು. ಊರಿನಲ್ಲಿ ದೀಪಗಳನ್ನು ಆರಿಸಿದ ಬಳಿಕ ಅವುಗಳ ಜ್ಯೋತಿಗಳೆಲ್ಲ ಆ ಗುಡಿಗೆ ಬಂದು ನೆರೆದು ರಾತ್ರಿಯೆಲ್ಲ ಹರಟುವುದುಂಟು. ಅಂದು ತಡವಾಗಿ ಬಂದ ಒಂದು ಜ್ಯೋತಿಯು, ತನ್ನ ಮನೆಯಲ್ಲಿ ಗಂಡಹೆಂಡಿರ ಜಗಳ ನಡೆದುದರಿಂದ ಬರಲಾಗಲಿಲ್ಲವೆಂದು ಉಳಿದವುಗಳಿಗೆ ಚಪ್ಪಲಿಯ ಮತ್ತು ಅಂಗಿಯ ಗುಟ್ಟನ್ನು ಹೇಳಿತು. ಗಂಡನು ಮನಸ್ಸು ತಿಳಿಯಾಗಿ ಬೆಳಗಿಗೆ ಮನೆಗೆ ಬಂದು ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದನು. ಆಕೆಗೆ ಅಷ್ಟರಲ್ಲಿ ಎರಡೂ ಮರೆತುಹೋಗಿದ್ದವು.

ಇದಿಷ್ಟನ್ನೇ ಹೇಳಿ ಕಥೆಯು ಮುಗಿಯುತ್ತದೆ. ಇದನ್ನು ನಾನು ಎಷ್ಟು ಸಲ ಓದಿರುವೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಆ ಕೊನೆಯ ಮರವೆಯ ಬಳಿಗೆ ಬಂದಾಗ ನನಗೆ ಎದೆ ಹಿಂಡಿದಂತಾಗುತ್ತದೆ. ಹೇಳದೆ ಇಟ್ಟುಕೊಂಡ ಕಥೆಯು ಹೇಳದವರ ಸಂಸಾರಕ್ಕೆ ಸಂಶಯವನ್ನು ತಂದು ಸೇಡು ತೀರಿಸಿಕೊಳ್ಳುವುದಂತೆ; ತನ್ನನ್ನು ಸೆರೆಯಲ್ಲಿಟ್ಟವಳಿಗೆ ತಾನು ಮತ್ತೆ ದೊರೆಯದಂತೆ ಹೊರಟುಹೋಗುವುದಂತೆ. ಕಥೆಯೂ ಒಂದು ಜೀವವೆಂದು ಇದಕ್ಕಿಂತ ಗಾಢವಾಗಿ ನಂಬಿದ ಜನರನ್ನು ನಾನು ಕಾಣೆ.

ರಾಮಾನುಜನ್ ತಮ್ಮ ಕಿರಿಯ ಸ್ನೇಹಿತರಾದ ಗಿರೀಶ ಕಾರ್ನಾಡರಿಗೆ ಹೇಳಿದ ಕಥೆಗಳಲ್ಲಿ ಇದೂ ಒಂದು, ಸರ್ಪನು ಪ್ರಿಯಕರನಾಗಿ ಬರುವ ಕಥೆ ಇನ್ನೊಂದು. ಈ ಎರಡನ್ನೂ ಹೆಣೆದು ಕಾರ್ನಾಡರು 1988ರ ಹೊತ್ತಿಗೆ 'ನಾಗಮಂಡಲ'ವನ್ನು ರಚಿಸಿ, ಆ ಋಣವನ್ನು ತಾವೇ ಸ್ಮರಿಸಿದ್ದಾರೆ. ಪಾಳುಗುಡಿಯಲ್ಲಿ ಒಬ್ಬ ನಾಟಕಕಾರನು, ತನ್ನ ನಾಟಕಗಳಿಂದ ಅದೆಷ್ಟೋ ಜನರನ್ನು ನಿದ್ರೆಗೆ ಕೆಡವಿದ ಪಾಪಕ್ಕೆ ಶಾಪಗ್ರಸ್ತನಾಗಿ, ಆ ಒಂದು ರಾತ್ರಿ ಎಚ್ಚರವಿದ್ದರೆ ಬದುಕುವುದು ಇಲ್ಲವಾದರೆ ಸಾಯುವುದು ಎಂಬ ಸ್ಥಿತಿಯಲ್ಲಿ ಕುಳಿತಿರುತ್ತಾನೆ. ಅಲ್ಲಿಗೆ ಊರಿನ ಜ್ಯೋತಿಗಳು ಬಂದು ನೆರೆಯುತ್ತವೆ; ಅವುಗಳ ನಡುವೆ ಕಥೆಯೇ ಒಬ್ಬ ಹೆಂಗಸಾಗಿ, ಹಾಡೇ ಅವಳುಟ್ಟ ಸೀರೆಯಾಗಿ, ಕಾಣಿಸಿಕೊಳ್ಳುತ್ತದೆ. ಆಕೆ ಹೇಳುವುದು ರಾಣಿಯೆಂಬ ಹುಡುಗಿಯ ವೃತ್ತಾಂತವನ್ನು. ಗಂಡ ಅಪ್ಪಣ್ಣನು ಅವಳನ್ನು ಮನೆಯಲ್ಲಿ ಕೂಡಿಹಾಕಿ, ಹೊರಗಿನಿಂದ ಬೀಗವಿಕ್ಕಿ, ತಾನು ಬೇರೊಬ್ಬಳ ಮನೆಗೆ ಹೋಗುತ್ತಾನೆ. ಗಂಡನನ್ನು ಒಲಿಸಿಕೊಳ್ಳಲೆಂದು ಕುರುಡವ್ವ ಕೊಟ್ಟ ಬೇರನ್ನು ರಾಣಿ ಸಾರಿಗೆ ಬೆರೆಸಿದಾಗ ಅದು ರಕ್ತದಂತೆ ಕೆಂಪಾಗಿ ಉಕ್ಕುತ್ತದೆ. ಹೆದರಿದ ಆಕೆ ಅದನ್ನು ಒಯ್ದು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದಲ್ಲಿದ್ದ ನಾಗನು ಅದನ್ನು ಕುಡಿದು ಅವಳಲ್ಲಿ ಅನುರಕ್ತನಾಗಿ, ರಾತ್ರಿಯಾದೊಡನೆ ಬಚ್ಚಲಿನ ನೀರು ಹೋಗುವ ದಾರಿಯಿಂದ ಒಳಹೊಕ್ಕು, ಅಪ್ಪಣ್ಣನದೇ ರೂಪವನ್ನು ಧರಿಸಿ ಅವಳ ಬಳಿಗೆ ಬರುತ್ತಾನೆ. ಹಗಲಿನ ಗಂಡ ಕಠೋರ, ಇರುಳಿನ ಗಂಡ ಕೋಮಲ. ಗರ್ಭಿಣಿಯಾದ ರಾಣಿಯನ್ನು ಪಂಚರ ಮುಂದೆ ನಿಲ್ಲಿಸಿದಾಗ ಆಕೆ ಹುತ್ತಕ್ಕೆ ಕೈಯಿಕ್ಕಿ, ಗಂಡನನ್ನೂ ಈ ಸರ್ಪವನ್ನೂ ಬಿಟ್ಟು ಬೇರಾರನ್ನೂ ಮುಟ್ಟಿದವಳಲ್ಲವೆಂದು ಪ್ರಮಾಣ ಮಾಡುತ್ತಾಳೆ. ಸರ್ಪವು ಕಚ್ಚದೆ ಅವಳ ತಲೆಯ ಮೇಲೆ ಹೆಡೆಯನ್ನು ಕೊಡೆಯಾಗಿ ಎತ್ತುತ್ತದೆ.

ಹುತ್ತದ ನಾಗನನ್ನೂ ಅಮೆರಿಕದ ಎಡ್ವರ್ಡನನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಮ್ಯವು ತಾನಾಗಿ ಎದ್ದುಕಾಣುತ್ತದೆ. ಇಬ್ಬರೂ ಹಲ್ಲಿನಲ್ಲಿ ಮೃತ್ಯುವನ್ನು ಧರಿಸಿದವರು, ಇಬ್ಬರೂ ಪ್ರೀತಿಸಿದವಳನ್ನು ಆ ಹಲ್ಲಿನಿಂದ ಉಳಿಸಬೇಕಾದವರು. ನಾನು ಇಷ್ಟನ್ನು ಹೇಳಿ ನಿಲ್ಲಿಸಿದ್ದೆ. ಆಗ ನಮ್ಮ ಗೋಷ್ಠಿಯ ಇನ್ನೊಬ್ಬ ಸದಸ್ಯೆ, ಬೆಳಗಾವಿಯಲ್ಲಿ ವಕೀಲಿ ವೃತ್ತಿ ಮಾಡುವವರು, ನಾವೆಲ್ಲರೂ ನಮ್ಮನಮ್ಮಲ್ಲೇ ತಿರುಗಿಸಿ ನೋಡಿಕೊಳ್ಳಬೇಕಾದ ಒಂದು ಪ್ರಶ್ನೆಯನ್ನು ಎತ್ತಿದರು. "ಡ್ರಾಕುಲಾ ಕರೀದ ಒಳಗ ಬರಂಗಿಲ್ಲ ಅಂದ್ರಿ. ಆದ್ರ ಈ ಎಡ್ವರ್ಡ ಕಿಡಕಿಯಿಂದ ಬಂದು ಆ ಹುಡುಗಿ ಮಲಗಿದ್ದನ್ನ ನೋಡಕೋತ ಕುಂಡರತಾನ, ಆಕಿಗೆ ಗೊತ್ತ ಇರೂದಿಲ್ಲ. ನಾಗಪ್ಪ ಬಚ್ಚಲದಿಂದ ಬರತಾನ, ಗಂಡನ ಮಾರಿ ಹಾಕ್ಕೊಂಡು. ಇದರಾಗ ಆಕಿ ಒಪ್ಪಿಗಿ ಎಲ್ಲಿ ಬಂತು?" ಪ್ರಶ್ನೆಯು ಖಂಡಿತವಾಗಿಯೂ ನ್ಯಾಯವಾದುದು. ಒಲವಿನ ಹೆಸರಿನಲ್ಲಿ ಹೊಸ್ತಿಲ ನಿಯಮವನ್ನು ಮುರಿಯುವುದಾದರೆ, ಹಳೆಯ ಪಿಶಾಚಿಗಿದ್ದ ಮರ್ಯಾದೆ ಹೊಸ ಪ್ರಿಯಕರನಿಗೆ ಇಲ್ಲವೆಂದೇ ಹೇಳಬೇಕಾಗುತ್ತದೆ. ತರುಣ ವಯಸ್ಸಿನ ಓದುಗರು ಈ ಕಾದಂಬರಿಯನ್ನು ಓದಲಿ, ಆದರೆ ಕಿಟಕಿಯ ಆ ಪ್ರಸಂಗವನ್ನು ಪ್ರೀತಿಯ ಲಕ್ಷಣವೆಂದು ಎಣಿಸದಿರಲಿ ಎಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ. ರಾಣಿಯ ಸಂಗತಿಯಲ್ಲಿ ಕಾರ್ನಾಡರು ಈ ಕಷ್ಟವನ್ನು ಅರಿತಿದ್ದರೆಂದೇ ತೋರುತ್ತದೆ. ಆಕೆಗೆ ಹಗಲಿನವನೂ ಇರುಳಿನವನೂ ಬೇರೆಯೆಂಬುದು ಒಳಗೊಳಗೇ ತಿಳಿದಿತ್ತೋ ಇಲ್ಲವೋ ಎಂಬ ಶಂಕೆಯನ್ನು ನಾಟಕದೊಳಗೇ ಎತ್ತಿ, ಕಥೆಗೆ ಒಂದಕ್ಕಿಂತ ಹೆಚ್ಚು ಮುಕ್ತಾಯವನ್ನು ಕೊಟ್ಟಿದ್ದಾರೆ. ಒಂದರಲ್ಲಿ ನಾಗನು ಅವಳ ಕೇಶಪಾಶದಲ್ಲಿ ಸಾಯುತ್ತಾನೆ. ಇನ್ನೊಂದರಲ್ಲಿ ಅವಳು ಅವನನ್ನು ಅರಿತೇ, ತಿಳಿದೇ, ತನ್ನ ಕೂದಲಿನಲ್ಲಿ ಇರಗೊಡುತ್ತಾಳೆ. ಅದು ಮೊದಲ ಸಲ ಅವಳು ಕೊಟ್ಟ ಕರೆ. ವಕೀಲರು ಇದನ್ನು ಕೇಳಿ, ಬಟ್ಟಲಿನಲ್ಲಿ ತಣ್ಣಗಾಗಿದ್ದ ಚಹವನ್ನು ಒಂದೇ ಗುಟುಕಿಗೆ ಕುಡಿದು, ಆ ಎರಡನೆಯ ಮುಕ್ತಾಯವನ್ನು ತಾವು ಒಪ್ಪುವುದಾಗಿ ಹೇಳಿದರು.

ಪಾನಪಾತ್ರೆಯನ್ನು ಮುಂದಿಟ್ಟುಕೊಂಡು ಪಿಶಾಚಗಳ ಮಾತನಾಡುವುದು ಉಚಿತವೇ ಎಂದು ಕೇಳುವವರಿಗೆ, ಗೋಷ್ಠಿಯೆಂಬ ಮಾತು ನಮಗೆ ಹೊಸದಲ್ಲವೆಂದಷ್ಟೇ ಉತ್ತರ. ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಪಾನಗೋಷ್ಠಿಯ ವರ್ಣನೆಯುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಕಥೆ ಕೇಳುವುದೂ ಅರಸನ ವಿನೋದಗಳಲ್ಲೊಂದಾಗಿ ಪರಿಗಣಿತವಾಗಿದೆ. ಇನ್ನು ಪಿಶಾಚಗಳ ವಿಷಯ. ಭಾರತದ ಕಥಾಸಾಹಿತ್ಯಕ್ಕೆಲ್ಲ ತವರಾದ 'ಬೃಹತ್ಕಥೆ'ಯೇ ಪೈಶಾಚೀ ಎಂಬ ಭಾಷೆಯಲ್ಲಿ ಇದ್ದಿತೆಂಬುದು ಪ್ರತೀತಿ. ಸಾತವಾಹನ ರಾಜನ ಆಸ್ಥಾನದಲ್ಲಿ ಪಣವೊಂದರಲ್ಲಿ ಸೋತು ಸಂಸ್ಕೃತ, ಪ್ರಾಕೃತ, ದೇಶಭಾಷೆ ಮೂರನ್ನೂ ತೊರೆದ ಗುಣಾಢ್ಯನು ವಿಂಧ್ಯದ ಕಾಡನ್ನು ಸೇರಿ, ಕಾಣಭೂತಿಯೆಂಬ ಪಿಶಾಚನಿಂದ ಕಥೆಗಳನ್ನು ಕೇಳಿ, ಮಸಿಯಿಲ್ಲದ ಕಾರಣ ತನ್ನ ರಕ್ತದಿಂದಲೇ ಏಳು ಲಕ್ಷ ಶ್ಲೋಕಗಳನ್ನು ಬರೆದನಂತೆ. ರಾಜನು ರಕ್ತದಲ್ಲಿ ಬರೆದ ಪಿಶಾಚಭಾಷೆಯ ಆ ಗ್ರಂಥವನ್ನು ತಿರಸ್ಕರಿಸಲು, ಕವಿಯು ಬೆಟ್ಟದ ಮೇಲೆ ಅಗ್ನಿಕುಂಡವನ್ನು ಹೂಡಿ, ಒಂದೊಂದು ಓಲೆಯನ್ನು ಗಟ್ಟಿಯಾಗಿ ಓದಿ ಬೆಂಕಿಗೆ ಹಾಕುತ್ತಿರಲು, ಮೃಗಗಳು ಮೇವನ್ನು ಬಿಟ್ಟು ಸುತ್ತ ನೆರೆದು ಕಣ್ಣೀರಿಡುತ್ತ ಕೇಳಿದವಂತೆ. ಅರಸನು ವಿಷಯವನ್ನರಿತು ಓಡಿಬರುವ ವೇಳೆಗೆ ಉಳಿದಿದ್ದುದು ಒಂದೇ ಲಕ್ಷ. ಈ ಬೃಹತ್ಕಥೆಯನ್ನು ಸಂಸ್ಕೃತಕ್ಕೆ ತಂದವರಲ್ಲಿ ತಲಕಾಡಿನ ಗಂಗವಂಶದ ದುರ್ವಿನೀತನೂ ಒಬ್ಬನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಅದೇ ಪರಂಪರೆಯಿಂದ 'ಕಥಾಸರಿತ್ಸಾಗರ'ವನ್ನು ರಚಿಸಿದನು. ಮರದಲ್ಲಿ ತೂಗುವ ಹೆಣದೊಳಗೆ ಸೇರಿಕೊಂಡು, ವಿಕ್ರಮನ ಹೆಗಲೇರಿ, ಕಥೆ ಹೇಳುವ ಬೇತಾಳನು ಅಲ್ಲಿಂದಲೇ ಹೊರಟು ಕನ್ನಡ 'ಚಂದಮಾಮ'ದ ಮೂಲಕ ನಮ್ಮ ಬಾಲ್ಯಕ್ಕೆ ಬಂದವನು. ರಿಚರ್ಡ್ ಬರ್ಟನ್ ಎಂಬ ಆಂಗ್ಲನು 1870ರಲ್ಲಿ ಆ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ಬೇತಾಳನಿಗೆ 'ವ್ಯಾಂಪೈರ್' ಎಂದೇ ಹೆಸರಿಟ್ಟನು. ಹೆಸರು ಸರಿಹೊಂದದು, ಬೇತಾಳನಿಗೆ ಬೇಕಾದುದು ರಕ್ತವಲ್ಲ, ಉತ್ತರ. ಖಾನಾಪುರದ ಘಟ್ಟವನ್ನು ಇಳಿದು ಗೋವೆಗೆ ಹೋದರೆ ಬೇತಾಳನು ಗ್ರಾಮದೇವತೆಯಾಗಿಯೇ ಪೂಜೆಗೊಳ್ಳುತ್ತಾನೆ. ಇರುಳೆಲ್ಲ ಊರನ್ನು ಕಾಯುತ್ತ ತಿರುಗುವ ಅವನ ಪಾದರಕ್ಷೆಗಳು ಸವೆಯುತ್ತವೆಂದು ಭಕ್ತರು ಅವನಿಗೆ ತೊಗಲಿನ ಚಪ್ಪಲಿಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ.

ಬಾವಲಿಗಳ ಪರವಾಗಿಯೂ ಎರಡು ಮಾತು ಹೇಳಬೇಕು, ಏಕೆಂದರೆ ಈ ಕಥೆಗಳಿಂದ ಅವುಗಳಿಗೆ ಬಂದ ಅಪಕೀರ್ತಿ ದೊಡ್ಡದು. ಮತ್ತು ಖಾನಾಪುರ ತಾಲೂಕಿಗೆ ಅವುಗಳ ವಿಷಯದಲ್ಲಿ ವಿಶೇಷವಾದ ಹೊಣೆಯುಂಟು. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಭೀಮಗಡದ ಅಡವಿಯಲ್ಲಿ, ತಳೇವಾಡಿಯ ಸಮೀಪದ ಬಾರಾಪೇಡೆ ಗುಹೆಗಳಲ್ಲಿ, ರಾಟನ್ ಎಂಬವನ ಹೆಸರನ್ನು ಹೊತ್ತ ಬಿಡಿಬಾಲದ ಬಾವಲಿಯು ವಾಸವಾಗಿದೆ. ದೊಡ್ಡ ಕಿವಿಗಳು ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡಿರುವ ಆ ಜೀವಿಯನ್ನು ಆಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿಶಾಸ್ತ್ರಜ್ಞನು 1913ರಲ್ಲಿ ಲೋಕಕ್ಕೆ ಪರಿಚಯಿಸಿದನು. ಕಾಂಬೋಡಿಯಾದಲ್ಲಿಯೂ ಮೇಘಾಲಯದಲ್ಲಿಯೂ ಅದು ಕಾಣಸಿಗುವವರೆಗೆ, ಎಂಬತ್ತಕ್ಕೂ ಹೆಚ್ಚು ವರ್ಷಗಳ ಕಾಲ, ಜಗತ್ತು ಬಲ್ಲ ಅದರ ಏಕೈಕ ನೆಲೆಯು ಈ ಗುಹೆಗಳಲ್ಲೇ ಇತ್ತು. ಅದು ತಿನ್ನುವುದು ಹುಳುಗಳನ್ನು. ರಕ್ತವನ್ನೇ ಕುಡಿದು ಬದುಕುವ ಬಾವಲಿಗಳ ಮೂರು ಜಾತಿಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಅವುಗಳಿಗೂ ಪಿಶಾಚಿಯ ಹೆಸರು ಐರೋಪ್ಯ ಕಥೆಗಳಿಂದ ಆಮೇಲೆ ಬಂದುದು. ಆ ಬಾವಲಿಯು ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾಯುತ್ತದೆ. ಕೋಸ್ಟರಿಕಾದಲ್ಲಿ ಅವನ್ನು ಪರಿಶೀಲಿಸಿದ ಜೆರಾಲ್ಡ್ ವಿಲ್ಕಿನ್ಸನ್ ಎಂಬ ವಿಜ್ಞಾನಿಯು 1984ರಲ್ಲಿ ಪ್ರಕಟಿಸಿದ ಸಂಗತಿ ಹೀಗಿದೆ: ಬೇಟೆ ದೊರೆಯದೆ ಹಸಿದು ಮರಳಿದ ಬಾವಲಿಗೆ ಜೊತೆಯಲ್ಲಿ ತೂಗುವ ಗೆಳತಿಯೊಂದು ತಾನು ಕುಡಿದುದನ್ನು ಕಕ್ಕಿ ಬಾಯಿಗೆ ಊಡುತ್ತದೆ, ಬಂಧುವಿಗಷ್ಟೇ ಅಲ್ಲ, ಬಹುಕಾಲದ ಒಡನಾಡಿಗೂ ಊಡುತ್ತದೆ. ಇದನ್ನು ಕೇಳಿದಾಗ ನಮ್ಮ ಶಿಕ್ಷಕರು, ಅಷ್ಟು ಹೊತ್ತಿನವರೆಗೆ ಮಡಚಿ ಮಡಿಲಲ್ಲಿಟ್ಟುಕೊಂಡಿದ್ದ ಕಾದಂಬರಿಯನ್ನು ಮತ್ತೆ ತೆರೆದು, ತಾವು ಗುರುತು ಹಾಕಿದ ಪುಟವೊಂದನ್ನು ಹುಡುಕತೊಡಗಿದರು.

ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಖಾನಾಪುರದ ಮಳೆಗಾಲದಲ್ಲಿ ಇದಕ್ಕಾಗಿ ಯಾರೂ ಬೇಸರಪಡುವುದಿಲ್ಲ. ಒಳಗಿನಿಂದ ಮನೆಯ ಆಯಿ ಒಂದು ಕೈಯಲ್ಲಿ ಚಿಮಣಿಯನ್ನೂ ಇನ್ನೊಂದರಲ್ಲಿ ಕಾಂದಾ ಭಜಿಯ ತಾಟನ್ನೂ ಹಿಡಿದು ಬಂದರು. ಎಂಬತ್ತನ್ನು ದಾಟಿದ ಅವರು ಬಾಗಿಲ ಮರೆಯಲ್ಲಿ ಕುಳಿತು ಇಷ್ಟೂ ಹೊತ್ತು ನಮ್ಮ ಮಾತುಗಳನ್ನು ಆಲಿಸುತ್ತಿದ್ದರೆಂಬುದು ನಮಗೆ ಗೊತ್ತಾದುದು ಆಗಲೇ. ದೀಪವನ್ನು ನಡುವೆ ಇಟ್ಟು, ಮೊಮ್ಮಗಳ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತು, ಸೆರಗಿನಿಂದ ಕೈಯೊರಸಿಕೊಂಡು, ತಮ್ಮ ಅತ್ತೆ ಹೇಳುತ್ತಿದ್ದ ಹಾವಿನ ಕಥೆಯೊಂದು ತಮಗೂ ಗೊತ್ತಿದೆಯೆಂದರು. ಅದು ನಾಟಕದಲ್ಲಿರುವಂತೆ ಅಲ್ಲವಂತೆ. ಅದರಲ್ಲಿ ಹಾವು ಮೊದಲು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತದಂತೆ. ಈ ಮನೆಗೆ ಬಂದ ಮೇಲೆ ಅದನ್ನು ಯಾರಿಗೂ ಹೇಳಿಲ್ಲವಂತೆ, ಯಾರೂ ಕೇಳಲೇ ಇಲ್ಲವಂತೆ.

"ಹೇಳ್ರೀ ಆಯಿ" ಎಂದು ಹುಡುಗಿ ಕಾದಂಬರಿಯ ನಡುವೆ ಬೆರಳನ್ನಿಟ್ಟು ಮುಚ್ಚಿದಳು.

"ಹೇಳತೀನಿ. ಆದ್ರ ಸುಮ್ಮ ಕುಂತು ಕೇಳಿದ್ರ ಕಥಿ ಮುಂದ ನಡಿಯಂಗಿಲ್ಲ. ಹೂಂ ಅನಕೋತ ಕೇಳಬೇಕು" ಎಂದು ಆಯಿ ಚಿಮಣಿಯ ಕುಡಿಯನ್ನು ತುಸು ಮೇಲಕ್ಕೆತ್ತಿದರು. "ಒಂದ ಊರಾಗ ಒಬ್ಬಾಕಿ ಇದ್ದಳು."

"ಹೂಂ" ಎಂದರು ಶಿಕ್ಷಕರು, ಹುಡುಗಿಗಿಂತ ಮೊದಲೇ.